ಯಶೋದಾ ಕೇಳಿದ ತಿಂಗಳ ಖರ್ಚು

ಬಣಕಲ್ ಪೇಟೆ ದಾಟಿ ಮೂಡಿಗೆರೆ ಕಡೆಗೆ ಹೊರಟರೆ ಹೆದ್ದಾರಿಯಿಂದ ಎಡಕ್ಕೆ ಒಂದು ಮಣ್ಣುರಸ್ತೆ ಇಳಿಯುತ್ತದೆ. ಅದರ ತುದಿಯಲ್ಲಿರುವ ನೀಲಿ ಶೀಟಿನ ಸಣ್ಣ ಮನೆ ಯಶೋದಾಳದ್ದು. ಬಾಗಿಲಿಗೆ ಎರಡು ಬೀಗ. ಒಂದು ನಮ್ಮ ಪೇಟೆಯದು, ಇನ್ನೊಂದು ಮಸ್ಕತ್ತಿನದು. ಹಿತ್ತಿಲಿಗೆ ಬಟ್ಟೆ ಹರವಲು ಹೋಗುವಾಗಲೂ ಎರಡನ್ನೂ ಹಾಕಿ, ಎರಡನ್ನೂ ಒಮ್ಮೆ ಜಗ್ಗಿ ನೋಡುತ್ತಾಳೆ. ಐವತ್ತು ದಾಟಿದ ಹೆಂಗಸು, ಒಂಟಿ. ಊರಿನವರು ನಗುತ್ತಾರೆ. ನಗುವವರಿಗೇನು, ಹಲ್ಲಿದ್ದರೆ ಸಾಕು.

ಅನುಮಾನ ಅವಳ ಹುಟ್ಟುಗುಣವಲ್ಲ. ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿ, ಹಣ್ಣು ಕುಯ್ಯುತ್ತ ಬೆಳೆದವಳು. ಆ ಲೈನಿನ ಮನೆಗಳಲ್ಲಿ ಬೀಗ ಹಾಕಿ ಕಾಯುವಂಥದ್ದು ಏನೂ ಇರಲಿಲ್ಲ. ವಯಸ್ಸಿಗೆ ಬಂದಾಗ ಒಬ್ಬ ಲಾರಿ ಡ್ರೈವರಿಗೆ ಕೊಟ್ಟರು. ಅವನು ಹಾಸನಕ್ಕೆ ಲೋಡು ಹಾಕಿಕೊಂಡು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಆಮೇಲೆ ಒಬ್ಬ ಏಜೆಂಟ್ ಗಂಟುಬಿದ್ದ. ಮಸ್ಕತ್ತಿನಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಚಹಾ ಮಾಡಿಕೊಟ್ಟರೆ ಮುಗಿಯಿತು ಎಂದ. ಹೋಗಿ ನೋಡಿದರೆ ಮದುವೆ ಮನೆಯಷ್ಟು ಜನ, ಹೇಳಿದ ಸಂಬಳದಲ್ಲಿ ಅರ್ಧ, ಏಜೆಂಟನ ಫೋನಿಗೆ ಉಸಿರಿಲ್ಲ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆ ಊದಿ ಕುಡಿಯುತ್ತಾರೆ. ಯಶೋದಾ ಅಂದಿನಿಂದ ತಣ್ಣೀರನ್ನೂ ಊದತೊಡಗಿದಳು.

ಮುಂದೆ ಬೇರೆ ಮನೆ ಸಿಕ್ಕಿತು. ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ. ಸಂಬಳ ಕೊಡುವವಳು ಮುದುಕಿಯ ಮಗಳು. ಯಶೋದಾಳ ಬಾಯಲ್ಲಿ ಅವಳು ಬರೀ ಮೇಡಂ. ಕೈ ಬಿಗಿ, ಆದರೆ ತಿಂಗಳ ದಿನ ತಪ್ಪಿಸುವವಳಲ್ಲ. ಅಲ್ಲೇ ಹದಿನೈದು ವರ್ಷದ ಮೇಲೆ ಸವೆದವು. ರಜೆ ಸಿಗುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಅದೂ ಮೇಡಂನ ತಂಗಿ ಬಂದು ತಾಯಿಯ ಬಳಿ ಇರುವ ಚಳಿಗಾಲದಲ್ಲಿ. ಊರಿಗೆ ಬಂದಾಗ ಕಾಫಿ ಹಣ್ಣಾಗಿರುತ್ತಿತ್ತು, ಎಲ್ಲರ ಕೈಯಲ್ಲೂ ಕೂಲಿ ಓಡಾಡುತ್ತಿತ್ತು, ಬಂದವಳಿಗೆ ಎಲ್ಲರ ಮನೆಯಲ್ಲೂ ಕೋಳಿ. ನಾಲ್ಕು ವಾರ ನೆಂಟರಂತೆ ಉಂಡು ಹೋಗುತ್ತಿದ್ದಳು.

ಅವಳ ತಮ್ಮ ಸುರೇಂದ್ರ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿ. ಅವನ ಹೆಂಡತಿ ನಾಗಶ್ರೀ. ನೀಲಿ ಶೀಟಿನ ಮನೆ ಕಟ್ಟಿಸಿದವನು ಇದೇ ಸುರೇಂದ್ರ, ಅಕ್ಕ ಕಳಿಸಿದ ದುಡ್ಡಿನಲ್ಲಿ, ತನ್ನ ಮನೆಯಿಂದ ಒಂದು ಹಳ್ಳದ ಅಂತರದಲ್ಲಿ.

ಮೊಣಕಾಲು ಕೈಕೊಡತೊಡಗಿದಾಗ ಯಶೋದಾ ಊರಿಗೆ ತಿರುಗುವ ಯೋಚನೆ ಮಾಡಿದಳು. ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದು ಎಂಬ ಮಾತು ಅವಳಿಗೆ ಗೊತ್ತು. ಬ್ಯಾಂಕಿನಲ್ಲಿರುವ ಗಂಟು ಸಾಯುವತನಕ ಬರುತ್ತದೋ, ನಡುದಾರಿಯಲ್ಲಿ ಕೈಬಿಡುತ್ತದೋ? ಅದಷ್ಟು ತಿಳಿದರೆ ಅವಳು ಬರಬೇಕೋ ಬೇಡವೋ ತೀರ್ಮಾನವಾಗುತ್ತಿತ್ತು. ತಮ್ಮನಿಗೆ ಫೋನ್ ಮಾಡಿದಳು.

“ಸುರೇಂದ್ರ, ಒಬ್ಳು ಬೇಯಿಸ್ಕೊಂಡು ಇರಕ್ಕೆ ತಿಂಗ್ಳಿಗೆ ಎಷ್ಟು ಬೇಕಾಗ್ತದೆ?”

ಆ ಕಡೆ ಏನೋ ದಡಬಡ ಸದ್ದು. ಸುರೇಂದ್ರ ಕಿರುಚಿಕೊಂಡೇ ಹೇಳಿದ: “ಒಬ್ಳಿಗಾ? ನಾಲ್ಕು ಸಾವ್ರ ಇದ್ರೆ ರಾಣಿ ಹಾಗೆ ಇರ್ಬೋದು ಅಕ್ಕ. ಸುಮ್ನೆ ಬಾ ನೀನು!”

ನಾಲ್ಕು ಸಾವಿರ ಅವಳಿಗೆ ಹಿತವಾಗಿಯೇ ಕೇಳಿಸಿತು. ಕೊನೆಯ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಾಯಿತು. ಇವನಿಗೆ ನಾನು ಬರಲಿ ಎಂದು ಇಷ್ಟೇಕೆ ಅವಸರ?

ಹಲವು ತಿಂಗಳು ಕಳೆದ ಮೇಲೆ, ತಮ್ಮ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಮತ್ತೆ ಫೋನ್ ಮಾಡಿದಳು. ಎತ್ತಿಕೊಂಡವಳು ನಾಗಶ್ರೀ. ಅದೇ ಪ್ರಶ್ನೆ ಕೇಳಿದಳು.

“ಅಯ್ಯೋ ಅತ್ತಿಗೆ, ಕೇಳ್ಬೇಡಿ. ಮೂವತ್ತು ಸಾವ್ರ ಇಟ್ಕೊಂಡ್ರೂ ಕೈಯಲ್ಲಿ ನಿಲ್ಲಲ್ಲ. ಈಗ ತಂದಿದ್ದು ಈಗ ಖಾಲಿ.”

ಒಂದೇ ಮನೆ, ಒಂದೇ ಒಲೆ. ಗಂಡನ ಬಾಯಲ್ಲಿ ನಾಲ್ಕು, ಹೆಂಡತಿ ಬಾಯಲ್ಲಿ ಮೂವತ್ತು. ಇವರಿಬ್ಬರೂ ಉಣ್ಣುವುದು ಒಂದೇ ಪಾತ್ರೆಯಿಂದ ತಾನೆ? ಹೆಂಡತಿ ಹೇಳಿದ ಮೂವತ್ತನ್ನು ಇಬ್ಬರಿಗೆ ಪಾಲು ಮಾಡಿದರೂ ತಲೆಗೆ ಹದಿನೈದು ನಿಲ್ಲುತ್ತದೆ. ನಾಲ್ಕೆಲ್ಲಿ, ಹದಿನೈದೆಲ್ಲಿ! ಗಂಡನ ಲೆಕ್ಕ ಹಿಡಿದರೆ ಗಂಟು ಸಾಯುವತನಕ ಬಂದು ತಿಥಿಯೂಟಕ್ಕೂ ಉಳಿಯುತ್ತದೆ. ಹೆಂಡತಿಯದು ಹಿಡಿದರೆ ಅರವತ್ತಕ್ಕೇ ಕೈಚಾಚಬೇಕು. ಯಶೋದಾ ಮುದುಕಿಯ ಕಾಲು ಒತ್ತುತ್ತ ಬಿಡಿಸಿ ಬಿಡಿಸಿ ನೋಡಿದಳು. ತಮ್ಮ ಕಡಿಮೆ ಹೇಳಿದ್ದು ನನ್ನನ್ನು ಕರೆಸಿಕೊಂಡು ಗಂಟು ಬಿಚ್ಚಿಸಲು. ನಾದಿನಿ ಹೆಚ್ಚು ಹೇಳಿದ್ದು, ಬಂದರೆ ಹೆಚ್ಚು ಕೇಳಿ ಪಡೆಯಲು, ಇಲ್ಲವೇ ಬರಲೇಬಾರದೆಂದು ಹೆದರಿಸಲು. ಎತ್ತ ತಿರುಗಿಸಿದರೂ ಒಬ್ಬರು ಸುಳ್ಳು. ಇಬ್ಬರೂ ಸುಳ್ಳಾದರೂ ಸೋಜಿಗವಿಲ್ಲ.

ಕೇಳಿ ಪ್ರಯೋಜನವಿಲ್ಲ, ಇದ್ದೇ ನೋಡಬೇಕು ಎಂದುಕೊಂಡಳು. ಮೇಡಂ ಆರು ತಿಂಗಳು ಬಿಟ್ಟುಕೊಡಲು ಒಪ್ಪಿದಳು. ಅಷ್ಟರೊಳಗೆ ತಿರುಗಿ ಹೋಗದಿದ್ದರೆ ವೀಸಾ ಸತ್ತಂತೆ, ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಯಶೋದಾ ಬಂದಿಳಿದಳು. ಊರಿಗೆ ಹೇಳಿದ್ದು ರಜೆ ಎಂದು. ಪರೀಕ್ಷೆ ಎಂದು ಯಾರಿಗೂ ಹೇಳಲಿಲ್ಲ.

ಬಂದ ಮಾರನೆಯ ದಿನದಿಂದಲೇ ಒಲೆ ಬೇರೆ. ತಮ್ಮನ ಮನೆಯಿಂದ ಬಂದ ಸಾರಿನ ಪಾತ್ರೆಯನ್ನು ತೊಳೆದು, ಅದಕ್ಕೆ ಸಕ್ಕರೆ ತುಂಬಿ, ಹೊತ್ತು ಮುಳುಗುವುದರೊಳಗೆ ತಿರುಗಿಸಿಬಿಟ್ಟಳು. ಯಾರ ಋಣವೂ ಲೆಕ್ಕದಲ್ಲಿ ಬೆರೆಯಕೂಡದು. ಇನ್ನು ಅಂಗಡಿ. ಒಂದೇ ಅಂಗಡಿಯಲ್ಲಿ ಎಲ್ಲ ಕೊಂಡರೆ ನನ್ನ ಕೈ ಎಷ್ಟು ಉದ್ದ ಎಂದು ಅಂಗಡಿಯವನಿಗೆ ತಿಳಿಯುತ್ತದೆ, ತಿಳಿದರೆ ರೇಟು ಏರುತ್ತದೆ. ಹಾಗಾಗಿ ಉಪ್ಪು ಬಣಕಲ್ಲಿನಲ್ಲಿ, ಬೇಳೆ ಮೂಡಿಗೆರೆಯಲ್ಲಿ. ಒಂದು ದಿನ ಎರಡು ಬಸ್ಸು ಹಿಡಿದು ಆಲ್ದೂರಿಗೂ ಹೋಗಿ ಕೊಬ್ಬರಿ ತಂದಳು. ಅಗ್ಗವೇ ಸಿಕ್ಕಿತಂತೆ. ಬಸ್ಸಿನ ಖರ್ಚನ್ನು ಅವಳು ಯಾವ ಬಾಬ್ತಿಗೆ ಬರೆದಳೋ, ಶಿವನೇ ಬಲ್ಲ.

ಬಣಕಲ್ಲಿನ ದಿನಸಿ ಅಂಗಡಿ ದೇವರಾಜನಿಗೆ ಇದು ಬಗೆಹರಿಯಲಿಲ್ಲ. ಹದಿನೆಂಟು ಸಾಮಾನಿನ ರೇಟು ಕೇಳಿ ಕಾಲು ಕಿಲೋ ಉದ್ದು ತೆಗೆದುಕೊಳ್ಳುವ ಗಿರಾಕಿಯನ್ನು ಅವನು ಕಂಡಿರಲಿಲ್ಲ.

“ಯಶೋದಕ್ಕ, ನೀವು ಸಾಮಾನು ತಗೊಳ್ತೀರೋ, ಸರ್ವೆ ಮಾಡ್ತೀರೋ?”

“ಕೇಳಿದ್ರೆ ತಪ್ಪೇನಪ್ಪ? ಬಾಯಿಗೆ ಜಿಎಸ್‌ಟಿ ಇಲ್ವಲ್ಲ.”

“ತಪ್ಪಿಲ್ಲ ಮಾರಾಯ್ತಿ. ಹೋಂಸ್ಟೇ ಮಾಡ್ತೀರಂತೆ, ಹೌದಾ? ಬೆಂಗ್ಳೂರು ಜನಕ್ಕೆ ಊಟ ಹಾಕ್ತೀರಂತೆ?”

“ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಹಿಂಗೆ ರೇಟು ಕೇಳ್ಕೊಂಡು ಹೋದೋರೆಲ್ಲ ಮುಂದಿನ ತಿಂಗ್ಳು ಬೋರ್ಡ್ ಹಾಕವ್ರೆ.”

ಇವಳು ಊರನ್ನು ಅನುಮಾನಿಸಿದಳು, ಊರು ಇವಳನ್ನು ಅನುಮಾನಿಸಿತು. ಹೋಂಸ್ಟೇ ಮಾಡುವವಳಿಗೆ ಹಾಲಿನವಳು ಲೀಟರಿಗೆ ಎರಡು ರೂಪಾಯಿ ಏರಿಸಿದಳು. ಮೊಟ್ಟೆಯವನು ಸಣ್ಣದನ್ನು ಆರಿಸಿ ಕೊಟ್ಟ. ಯಶೋದಾ ತಲೆಯಾಡಿಸಿದಳು. ನೋಡಿ, ನಾನು ಅಂದುಕೊಂಡದ್ದೇ ಸರಿ.

ಮೇ ತಿಂಗಳು ಹುಟ್ಟಿತು. ಒಂದು ಬೆಳಿಗ್ಗೆ ನಾಗಶ್ರೀ ಹಳ್ಳ ದಾಟಿ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಸರದಲ್ಲಿ.

“ಅತ್ತಿಗೆ, ತೋಟದಲ್ಲಿ ಮರಗಸಿ ಮುಗೀತು. ಕಡಿದ ಸಿಲ್ವರ್ ಮರದ ಕೊಂಬೆ ಸೌದೆಗೆ ಅಂತ ಟ್ರ್ಯಾಕ್ಟರ್ ಲೆಕ್ಕದಲ್ಲಿ ಕೊಡ್ತಾ ಇದಾರೆ. ನಿಮ್ಗೂ ಒಂದು ಲೋಡು ಹೇಳ್ಲಾ?”

“ನಂಗ್ಯಾಕೆ ಸೌದೆ? ಗ್ಯಾಸ್ ಇದೆ.”

“ಗ್ಯಾಸ್ ಇದೆ ಅಂತ ಬಚ್ಚಲ ಒಲೆಗೂ ಅದೇನಾ? ಮಳೆಗಾಲಕ್ಕೆ ಅತ್ತಿಗೆ.”

ಯಶೋದಾ ನಾದಿನಿಯ ಮುಖವನ್ನೇ ನೋಡಿದಳು. ನನಗೊಂದು ಲೋಡು ಎಂದು ಹೇಳಿ, ಟ್ರ್ಯಾಕ್ಟರನ್ನು ತನ್ನ ಅಂಗಳದಲ್ಲೇ ನಿಲ್ಲಿಸಿಕೊಳ್ಳುತ್ತಾಳೆ. ಅರ್ಧ ಅಲ್ಲಿಳಿಯುತ್ತದೆ, ಅರ್ಧ ಇಲ್ಲಿ. ದುಡ್ಡು ಪೂರ್ತಿ ನನ್ನದು. “ಬೇಡಮ್ಮ” ಎಂದಳು.

ಹತ್ತು ದಿನ ಬಿಟ್ಟು ನಾಗಶ್ರೀ ಮತ್ತೆ ಬಂದಳು. ಮೂಡಿಗೆರೆಗೆ ಪಿಕಪ್ ಗಾಡಿ ಮಾಡಿಕೊಂಡು ಹೋಗುತ್ತಿದ್ದೇವೆ, ಅಕ್ಕಿ, ಬೆಲ್ಲ, ಮೆಣಸಿನಕಾಯಿ, ಒಣಮೀನು ಎಲ್ಲ ಒಟ್ಟಿಗೆ ತರುತ್ತೇವೆ, ಬನ್ನಿ ಎಂದಳು. ಯಶೋದಾ ಹೋದಳು, ಕೊಳ್ಳಲು ಅಲ್ಲ, ನೋಡಲು. ಅಂಗಡಿಯಲ್ಲಿ ಮೂಟೆ ಮೇಲೆ ಮೂಟೆ ಬೀಳುವುದನ್ನು ಅವಳು ಎಣಿಸುತ್ತ ನಿಂತಳು. ಇಬ್ಬರೇ ಇರುವ ಮನೆಗೆ ಇಷ್ಟೇಕೆ? ಬಿಲ್ಲಿನ ಹೊತ್ತಿಗೆ ‘ಅತ್ತಿಗೆ, ಸ್ವಲ್ಪ ನೀವು ಕೊಟ್ಟಿರಿ’ ಅನ್ನುತ್ತಾಳೆ, ನೋಡುತ್ತಿರು. ನಾಗಶ್ರೀ ಹಾಗೇನೂ ಅನ್ನಲಿಲ್ಲ. ಅನ್ನದೆ ಇದ್ದದ್ದೂ ಯಶೋದಾಳಿಗೆ ಕಸಿವಿಸಿಯೇ ಆಯಿತು.

“ಈ ಮೂಟೆ ಸರಿಯಾಗಿ ತೂಗ್ಸಿದ್ಯಾ ನಾಗಶ್ರೀ? ಇಲ್ಲಾ ನೀನೂ ಅಂಗಡಿಯವ್ನೂ ಹೊಂದಾಣಿಕೆನಾ?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಗಶ್ರೀಯ ಮುಖ ಕೆಂಡವಾಯಿತು. “ನಿಮ್ಗೆ ತಂದ್ರೆ ತಾನೆ ಅತ್ತಿಗೆ ನಿಮ್ಗೆ ಮೋಸ ಆಗೋದು? ಇದು ನಮ್ಮನೇದು. ನಿಮ್ದು ನೀವೇ ನೋಡ್ಕೊಳಿ.” ಬರುವಾಗ ಪಿಕಪ್ಪಿನಲ್ಲಿ ಇಬ್ಬರ ನಡುವೆ ಒಣಮೀನಿನ ಚೀಲವೊಂದೇ ವಾಸನೆಯಿಂದ ಮಾತಾಡುತ್ತಿತ್ತು.

ಆಮೇಲೆ ನಾಗಶ್ರೀ ಯಾವುದಕ್ಕೂ ಕರೆಯಲಿಲ್ಲ.

ಜೂನ್ ಎರಡನೆಯ ವಾರಕ್ಕೆ ಮಳೆ ಹಿಡಿಯಿತು. ಮೃಗಶಿರಾ ಹಾಗೆ ಹೀಗೆ ಕಳೆಯಿತು, ಆರಿದ್ರಾ ಹುಟ್ಟಿದ ಮೇಲೆ ಬಿಡಲಿಲ್ಲ. ನಮ್ಮ ಕಡೆ ಮಳೆ ಬರುವುದಲ್ಲ, ಬಂದು ಕೂರುವುದು. ಕರೆಂಟು ಹೋಯಿತು, ಮೂರನೆಯ ದಿನ ಕಣ್ಣು ಮಿಟುಕಿಸಿ ಮತ್ತೆ ಹೋಯಿತು. ಒಗೆದ ಬಟ್ಟೆ ಒಳಗೇ ಮುಗ್ಗಲು ಹಿಡಿಯಿತು. ಬೆಚ್ಚನೆಯ ನೀರಿಲ್ಲದೆ ಮೊಣಕಾಲು ಹಿಡಿದುಕೊಂಡಿತು. ಸ್ನಾನದ ನೀರಿಗೂ ಗ್ಯಾಸೇ ಹಚ್ಚಿದ್ದರಿಂದ ಎರಡು ತಿಂಗಳು ಬರಬೇಕಾದ ಸಿಲಿಂಡರ್ ಮೂರೇ ವಾರಕ್ಕೆ ಉಸಿರು ಬಿಟ್ಟಿತು. ಬುಕ್ ಮಾಡಿದರೆ ಗಾಡಿ ಬರುವುದಿಲ್ಲ. ಮಣ್ಣುರಸ್ತೆ ಗದ್ದೆಯಾಗಿದೆ, ಹೆದ್ದಾರಿಗೆ ಹೊತ್ತು ತನ್ನಿ ಎಂದರು. ಹೊತ್ತು ತರಲು ಆಳಿಗೆ ಬೇರೆ ಕೂಲಿ.

ಸೌದೆ ಕೇಳಿದಳು. ಮೇ ತಿಂಗಳಲ್ಲಿ ಒಂದು ಲೋಡಿಗೆ ಹೇಳುತ್ತಿದ್ದ ರೇಟಿಗೆ ಜುಲೈಯಲ್ಲಿ ಕಾಲು ಲೋಡು. ಅದೂ ಹಸಿ, ಒಲೆಯಲ್ಲಿ ಉರಿಯುವುದಕ್ಕಿಂತ ಅಳುವುದೇ ಹೆಚ್ಚು. ಘಾಟಿಯಲ್ಲಿ ಗುಡ್ಡ ಜರಿದು ಲಾರಿ ನಿಂತಾಗ ತರಕಾರಿಗೆ ಚಿನ್ನದ ಬೆಲೆ ಬಂತು. ಕಾಲು ಕಾಲು ಕಿಲೋ ತಂದಿಟ್ಟ ಬೇಳೆಕಾಳು ಮುಗಿದು, ಪ್ರತಿ ಎರಡು ದಿನಕ್ಕೆ ಕೊಡೆ ಹಿಡಿದು ಪೇಟೆಗೆ ನಡೆಯಬೇಕಾಯಿತು. ನಡೆಯಲಾಗದ ದಿನ ಆಟೋ. ಆಟೋದವನು ಮಳೆಯ ರೇಟು ಹೇಳಿದ.

ತಿಂಗಳ ಕೊನೆಗೆ ಅವಳು ಕೈಯಲ್ಲಿ ಉಳಿದದ್ದನ್ನು ಎರಡೆರಡು ಸಲ ಎಣಿಸಿದಳು. ಒಬ್ಬಳಿಗೇ ಹದಿನಾಲ್ಕು ಸಾವಿರದ ಮೇಲೆ ಹಾರಿಹೋಗಿತ್ತು. ನಾಲ್ಕೂ ಸುಳ್ಳು, ಮೂವತ್ತೂ ಸುಳ್ಳು, ಊರೇ ಸುಳ್ಳು. ಈ ಓಟದಲ್ಲಿ ಗಂಟು ಎಷ್ಟು ವರ್ಷ ಓಡೀತು?

ಅದೇ ವಾರ ದೇವರಾಜನ ಅಂಗಡಿಯಲ್ಲಿ, ಮಳೆಗೆ ನಿಂತವಳ ಕಿವಿಗೆ ಇನ್ನೊಂದು ಬಿತ್ತು.

“ಸುರೇಂದ್ರ ಅರ್ಧ ಎಕರೆ ತಗೊಳ್ತಾನಂತಲ್ಲ ಯಶೋದಕ್ಕ, ರುದ್ರೇಶ್ ಅವ್ರ ತೋಟದ ಅಂಚಲ್ಲಿ? ನೀವು ಬಂದಿದ್ದು ಅದಕ್ಕೇನಾ?” ಎಂದ ದೇವರಾಜ, ಸಕ್ಕರೆ ಕಟ್ಟುತ್ತ.

ಯಶೋದಾ ಕೊಡೆಯನ್ನೂ ಬಿಚ್ಚದೆ ನಡೆದಳು. ಮನೆಗೆ ಬಂದು ಒದ್ದೆ ಸೀರೆಯಲ್ಲೇ ಪೆಟ್ಟಿಗೆ ಕೆಳಗಿಳಿಸಿ ಬಟ್ಟೆ ತುಂಬತೊಡಗಿದಳು. ಆ ಹೊತ್ತಿಗೇ ಮೇಡಂನ ಫೋನು. ತಾಯಿ ಬೇರೆಯವರ ಕೈಯಲ್ಲಿ ಉಣ್ಣುತ್ತಿಲ್ಲ, ಬರುವುದಾದರೆ ಈ ವಾರದಲ್ಲಿ ಹೇಳು, ಟಿಕೆಟ್ ಕಳಿಸುತ್ತೇನೆ, ಇಲ್ಲವಾದರೆ ಬೇರೆಯವರನ್ನು ಗೊತ್ತು ಮಾಡುತ್ತೇನೆ. ಬರುತ್ತೇನೆ ಎಂಬ ಮಾತು ಯಶೋದಾಳ ತುಟಿಯ ತನಕ ಬಂತು. ಆದರೆ ಸುಳ್ಳು ಹೇಳಿದವರ ಮುಖಕ್ಕೆ ಉಗಿಯದೆ ವಿಮಾನ ಹತ್ತಿದರೆ ಉಂಡದ್ದು ಅರಗೀತೇ? ಎರಡು ದಿನ ಕೊಡಿ ಎಂದಳು.

ಮರುದಿನ ಭಾನುವಾರ. ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು. ಯಶೋದಾ ಹಳ್ಳದ ಸಂಕ ದಾಟಿ ನೇರ ಅಡಿಗೆಮನೆಗೇ ನುಗ್ಗಿದಳು. ಒಳಗೆ ಒಲೆ ಧಗಧಗ ಉರಿಯುತ್ತಿತ್ತು. ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಗರಿಗರಿ ಒಣಗಿತ್ತು. ಸುರೇಂದ್ರ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಿದ್ದ.

“ಬಾ ಅಕ್ಕ, ಕಾಫಿ...”

“ಕಾಫಿ ಬೇಡ. ನೀನು ಅರ್ಧ ಎಕರೆಗೆ ನನ್ನ ದುಡ್ಡು ನೋಡ್ತಾ ಇದೀಯ, ಹೌದೋ ಅಲ್ವೋ?”

ಸುರೇಂದ್ರ ಬೀಜ ಹೊರಳಿಸುವುದನ್ನು ನಿಲ್ಲಿಸಿದ. “ಹೌದು. ಕೇಳ್ಬೇಕು ಅಂತ ಇದ್ದೆ. ಕೇಳಿದ್ನಾ?”

“ಕೇಳೋಕ್ ಮುಂಚೆ ಊರಿಗೆ ಹೇಳಿದೀಯ!”

“ರುದ್ರೇಶ್ ಅವ್ರ ಹತ್ರ ಒಂದು ಮಾತು ಅಂದಿದ್ದು. ಅದು ಪೇಟೆಗೆ ನಡ್ಕೊಂಡು ಹೋದ್ರೆ ನಾನೇನ್ ಮಾಡ್ಲಿ?”

“ಅದಕ್ಕೇ ನಾಲ್ಕು ಸಾವ್ರ ಅಂದೆ! ಕಮ್ಮಿ ಹೇಳಿ ಕರೆಸ್ಕೊಂಡೆ. ಇವ್ಳು ಮೂವತ್ತು ಅಂದ್ಳು. ಇವತ್ತು ತೀರ್ಮಾನ ಆಗ್ಲಿ, ನಿಮ್ಮಿಬ್ರಲ್ಲಿ ಕಳ್ಳರು ಯಾರು?”

ನಾಗಶ್ರೀ ಸೌಟು ಕೆಳಗಿಟ್ಟು ಗಂಡನ ಕಡೆ ತಿರುಗಿದಳು. “ನಾಲ್ಕು ಸಾವ್ರ ಅಂದ್ರಾ? ಯಾವ ಲೋಕದಲ್ಲಿ ಇದೀರಾ ನೀವು? ನಾಲ್ಕು ಸಾವ್ರಕ್ಕೆ ನಿಮ್ಮ ಎಲೆ ಅಡಿಕೆನೂ ಬರಲ್ಲ!”

“ಸುಮ್ನಿರೇ. ಹೋದ ತಿಂಗ್ಳು ನೀನು ನನ್ನ ಹತ್ರ ಎಷ್ಟು ಇಸ್ಕೊಂಡೆ, ಹೇಳು. ಇಬ್ರಿಗೂ ಸೇರಿ ಆರು ಸಾವ್ರ ಮುಟ್ಟಿಲ್ಲ.”

“ಹೋದ ತಿಂಗ್ಳು ಜುಲೈ ಮಾರಾಯ್ರೇ! ಜುಲೈಲಿ ಯಾರಾದ್ರೂ ಏನಾದ್ರೂ ಕೊಳ್ತಾರಾ?”

“ಅಕ್ಕ ಆ ವರ್ಷ ಕೇಳಿದ್ದೂ ಜುಲೈಲೇ ಕಣೆ. ಶೀಟಿನ ಮೇಲೆ ಮಳೆ ಹೊಡ್ತಕ್ಕೆ ಫೋನಲ್ಲಿ ಅವ್ಳ ಮಾತು ಒಂದೂ ಕೇಳ್ತಿರ್ಲಿಲ್ಲ, ಕಿರುಚಿ ಕಿರುಚಿ ಗಂಟ್ಲು ಹೋಯ್ತು.”

“ನನ್ನ ಕೇಳಿದ್ದು ಮೇನಲ್ಲಿ. ಅಂಗಳದಲ್ಲಿ ಹಪ್ಪಳ ಹಾಕ್ತಾ ಇದ್ದೆ, ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿದ್ದು. ಸೌದೆ, ಅಕ್ಕಿ, ಮೀನು, ಕೊಡೆ, ಟಾರ್ಪಾಲು ಎಲ್ಲ ಒಂದೇ ಸಲ. ಮೂವತ್ತು ಸಾವ್ರ ಅಲ್ದೆ ಮೂರು ಸಾವ್ರ ಆಗ್ತದಾ?”

ಯಶೋದಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಇವರು ಸೇರಿ ಕಟ್ಟಿದ ಆಟವಲ್ಲ ತಾನೆ? ಅವಳ ಬುದ್ಧಿ ಮೊದಲು ಓಡಿದ್ದು ಆ ಕಡೆಗೇ. ಮೂಲೆಯಲ್ಲಿದ್ದ ಏಣಿಯನ್ನು ಎಳೆದು ಅಟ್ಟಕ್ಕೆ ಒರಗಿಸಿದಳು.

“ಅತ್ತಿಗೆ, ಮೊಣಕಾಲು...”

“ಸುಮ್ನಿರು. ನೋಡ್ತೀನಿ.”

ಹತ್ತಿದಳು. ಒಲೆಯ ಬಿಸಿ ತಾಗುವ ಅಟ್ಟದಲ್ಲಿ ಅಕ್ಕಿ ಮೂಟೆಗಳು ಹಲಗೆಯ ಮೇಲೆ ಬೆಚ್ಚಗೆ ಕೂತಿದ್ದವು. ಒಂದು ಮಾತ್ರ ಬಾಯಿ ಬಿಚ್ಚಿತ್ತು. ಡಬ್ಬಗಳಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಬೆಲ್ಲ, ಹುಣಸೆ, ಕಾಗದ ಸುತ್ತಿದ ಒಣಮೀನು, ಮಣ್ಣಿನಲ್ಲಿ ಹೂತ ಹಲಸಿನ ಬೀಜದ ಬುಟ್ಟಿ. ಕೈ ಹಾಕಿ ನೋಡಿದಳು, ಮೂಸಿ ನೋಡಿದಳು. ಇಷ್ಟಿದ್ದ ಮೇಲೆ ಜುಲೈಯಲ್ಲಿ ಕೊಳ್ಳುವುದೇನು? ಉಪ್ಪು, ಹಾಲು, ಅವನ ಎಲೆ ಅಡಿಕೆ. ಕೆಸವೂ ಕಳಲೆಯೂ ಬೇಲಿಯಾಚೆ ಪುಕ್ಕಟೆ.

ನಮ್ಮ ಬೆಟ್ಟದ ಜನ ತಿಂಗಳ ಲೆಕ್ಕದಲ್ಲಿ ಬದುಕುವುದಿಲ್ಲ. ಸಂಬಳ ತಿಂಗಳಿಗೊಮ್ಮೆ ಬರುವವರಿಗೆ ತಿಂಗಳು ಒಂದು ಅಳತೆ. ನಮಗೆ ಕುಯ್ಲಿನಲ್ಲಿ ಬರುತ್ತದೆ, ಮಳೆಗೆ ಮುಂಚೆ ಹೋಗುತ್ತದೆ, ಮಳೆಯುದ್ದಕ್ಕೂ ಕೂತು ತಿನ್ನುತ್ತೇವೆ. ಇಲ್ಲಿ ತಿಂಗಳಿಗೆ ಎಷ್ಟು ಎಂದು ಕೇಳಿದರೆ, ಕೇಳಿದ ತಿಂಗಳು ಯಾವುದೋ ಅದರ ಉತ್ತರ ಸಿಗುತ್ತದೆ. ಹೇಳುವವರು ಬಿಡಿಸಿ ಹೇಳುವುದಿಲ್ಲ. ಲೈನಿನಲ್ಲಿ ಹುಟ್ಟಿದ ಹೆಂಗಸಿಗೆ ಮಳೆಗಾಲದ ಪಾಠ ಹೇಳುವುದು ಅವಮಾನ ಎಂದು ಬಿಟ್ಟಿರುತ್ತಾರೆ.

ಆದರೆ ಯಶೋದಾಳಿಗೆ ಆ ಪಾಠ ಗೊತ್ತಿರಲಿಲ್ಲ ಎಂಬುದೇ ಇಲ್ಲಿಯ ಗುಟ್ಟು. ಅವಳು ಹುಡುಗಿಯಾಗಿದ್ದಾಗ ಮಳೆಗೆ ಮುಂಚೆ ಅಕ್ಕಿ ಮೂಟೆ ಲೈನಿನ ಬಾಗಿಲಿಗೇ ಬರುತ್ತಿತ್ತು. ಸೌದೆ ತೋಟದ್ದೇ, ಕಂಬಳಿ ಧಣಿಗಳದ್ದೇ, ಲೆಕ್ಕ ಬರೆಯುವ ರೈಟರು ಅದನ್ನೆಲ್ಲ ಕೂಲಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಮಸ್ಕತ್ತು. ಅಲ್ಲಿ ಮೇಡಂನ ಫ್ರಿಜ್ಜು. ಯಶೋದಾ ಇಷ್ಟು ವರ್ಷ ಬೇಯಿಸಿದ್ದು ಇನ್ನೊಬ್ಬರು ತಂದಿಟ್ಟದ್ದನ್ನು. ಒಂದು ಮಳೆಗಾಲವನ್ನೂ ಅವಳು ತನ್ನ ಕೈಯಾರೆ ಕೊಂಡಿರಲಿಲ್ಲ.

ಏಣಿಯಿಂದ ಇಳಿದವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ಮತ್ತೆ ಮೇನಲ್ಲಿ ನಂಗೆ ಬಿಡಿಸಿ ಹೇಳ್ಬಾರ್ದಿತ್ತಾ?”

“ಹೇಳಕ್ಕೆ ಎರಡು ಸಲ ಬಂದೆ ಅತ್ತಿಗೆ. ಅಂಗಡಿ ತುಂಬ ಜನರ ಮುಂದೆ ಮರ್ಯಾದೆ ಕಳೆದ್ರಿ. ಮೂರನೇ ಸಲ ಯಾಕೆ ಬರ್ಲಿ? ನಾನೂ ಹೊಟ್ಟೆಗೆ ಅನ್ನಾನೇ ತಿನ್ನೋದು.”

“ಅದು ಸರಿ” ಎಂದಳು ಯಶೋದಾ. ತಪ್ಪಾಯಿತು ಎಂಬುದು ಅವಳ ಬಾಯಲ್ಲಿ ಅಷ್ಟೇ ದೊಡ್ಡದಾಗಿ ಬರುತ್ತದೆ.

ಆಮೇಲೆ ಕಾಫಿ ಕುಡಿದಳು. ಲೋಟ ಹಿಡಿದುಕೊಂಡೇ ನಾಗಶ್ರೀಯನ್ನು ಅಡ್ಡ ಉದ್ದ ಪ್ರಶ್ನೆ ಮಾಡಿದಳು, ಪೊಲೀಸರೂ ಅಷ್ಟು ಕೇಳರು. ಅಕ್ಕಿ ಯಾವ ಹಬ್ಬದ ತನಕ ಬರುತ್ತದೆ? ಕುಯ್ಲಿನ ದಿನಗಳಲ್ಲಿ ಏನೇನು ತರುತ್ತೀರಿ? ಹಬ್ಬಕ್ಕೆಷ್ಟು, ಮದುವೆ ಮುಂಜಿಗೆ ಮುಯ್ಯಿ ಎಷ್ಟು, ಹೊರನಾಡಿಗೆ ವರ್ಷಕ್ಕೊಮ್ಮೆ ಹೋದರೆ ಎಷ್ಟು, ಆಸ್ಪತ್ರೆಗೆಷ್ಟು? ನಾಗಶ್ರೀ ಹೇಳಿದಳು, ಸುರೇಂದ್ರ ಮಧ್ಯೆ ಬಾಯಿ ಹಾಕಿದ, ನಾಗಶ್ರೀ ಅವನ ಬಾಯಿ ಮುಚ್ಚಿಸಿದಳು. ವರ್ಷವಿಡೀ ಕೂಡಿ ಒಬ್ಬಳ ಪಾಲು ತೆಗೆದಾಗ ಅದು ನಾಲ್ಕಕ್ಕಿಂತ ಎಷ್ಟೋ ಮೇಲೆ ನಿಂತಿತು, ಹದಿನಾಲ್ಕಕ್ಕಿಂತ ಎಷ್ಟೋ ಕೆಳಗೆ. ಗಂಟು ಸಾಕು. ಸಡಿಲವಾಗಿ ಅಲ್ಲ. ದೊಡ್ಡ ಕಾಯಿಲೆ ಬರಬಾರದು, ಯಾರಿಗೂ ಒಂದು ಹಿಡಿ ಬಿಚ್ಚಿ ಕೊಡಬಾರದು, ಅಷ್ಟಾದರೆ ಸಾಕು.

“ಕೇಳಿಸ್ಕೊಂಡ್ಯಾ ಸುರೇಂದ್ರ? ಅರ್ಧ ಎಕರೆಗೆ ಅರ್ಧ ಪೈಸೆ ಇಲ್ಲ.”

ಸುರೇಂದ್ರ ಕೆಂಡ ಕೆದಕಿದ. “ಮನೆ ಕಟ್ಟಿಸ್ವಾಗ ಎರಡು ವರ್ಷ ಭಾನುವಾರ ಅಂತ ನೋಡ್ಲಿಲ್ಲ ನಾನು. ಅದ್ರ ಕೂಲಿ ಕೇಳಿದ್ನಾ?” ಎಂದು ಎದ್ದು ಹೊರಗೆ ಹೋದ. ಸುರಿಯುವ ಮಳೆಗೆ ತಲೆಯ ಮೇಲೆ ಕೊಪ್ಪೆಯನ್ನೂ ಹಾಕಿಕೊಳ್ಳಲಿಲ್ಲ. ಆ ಮಾತು ನಿಜವೋ, ದುಡ್ಡು ಕೀಳುವ ಇನ್ನೊಂದು ಗಾಳವೋ ಎಂದು ಯಶೋದಾ ಇವತ್ತಿಗೂ ತೀರ್ಮಾನಿಸಿಲ್ಲ. ಎರಡೂ ಇರಬಹುದು. ಮನುಷ್ಯ ಒಂದೇ ಕೈಯಲ್ಲಿ ಉಣ್ಣುತ್ತಾನೆ, ಕೆರೆದುಕೊಳ್ಳುತ್ತಾನೆ.

ಮನೆಗೆ ಬಂದು ಮೇಡಂಗೆ ಫೋನ್ ಮಾಡಿದಳು. ಬರುವುದಿಲ್ಲ ಎಂದಳು.

ಮೇಡಂ ಕೇಳಿದಳು: “ಯಾವ ಮನೆಯವರು ಕರೆದಿದ್ದಾರೆ? ಎಷ್ಟು ಕೊಡುತ್ತಾರಂತೆ?”

ಯಾರೂ ಕರೆದಿಲ್ಲ, ನನ್ನ ಊರಿನಲ್ಲೇ ಇರುತ್ತೇನೆ ಎಂದಳು ಯಶೋದಾ. ಮೇಡಂ ನಂಬಲಿಲ್ಲ. ಸುಳ್ಳು ಹೇಳಬೇಡ, ಪಕ್ಕದ ಬೀದಿಯವರೇ ಇರಬೇಕು ಎಂದಳು. ಯಶೋದಾ ದೇವರ ಮೇಲೆ ಆಣೆ ಇಟ್ಟಳು. ಅದಕ್ಕೂ ನಂಬಲಿಲ್ಲ. ಕೊನೆಗೆ, “ಐವತ್ತು ರಿಯಾಲ್ ಹೆಚ್ಚು ಮಾಡುತ್ತೇನೆ, ಬಾ” ಎಂದಳು.

ಐವತ್ತು ರಿಯಾಲ್! ಹಿಂದಿನ ವರ್ಷ ಐದು ಏರಿಸಿ ಎಂದು ಕೇಳಿದಾಗ, ಮನೆಯ ಖರ್ಚೇ ಮೇಲೆ ಬಿದ್ದಿದೆ ಎಂದು ಕಣ್ಣೀರು ಹಾಕಿದ್ದವಳು ಇದೇ ಮೇಡಂ. ಯಶೋದಾಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಗೋಡೆಗೆ ಒರಗಿ, ಒದ್ದೆ ಸೌದೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಒಂದು ಕ್ಷಣ ನಿಂತಳು. ಇಷ್ಟು ವರ್ಷವೂ ಕೊಡಬಹುದಾಗಿತ್ತು, ಕೊಡಲಿಲ್ಲ. ಇನ್ನು ಅಲ್ಲಿ ಹೋಗಿ ಕೂತರೆ, ಇನ್ನೂ ಎಷ್ಟು ಒಳಗಿಟ್ಟುಕೊಂಡಿದ್ದಾಳೋ ಎಂದು ಪ್ರತಿ ತಿಂಗಳೂ ಲೆಕ್ಕ ಹಾಕುತ್ತಲೇ ಸಾಯಬೇಕು. ಅಮ್ಮನಿಗೆ ಗಂಜಿಯಲ್ಲಿ ಜೀರಿಗೆ ಹುರಿದು ಹಾಕಿ ಕೊಡಿ, ಉಣ್ಣುತ್ತಾರೆ ಎಂದು ಹೇಳಿ ಫೋನ್ ಇಟ್ಟಳು.

ಆ ಮಳೆಗಾಲ ಹೇಗೋ ಕಳೆಯಿತು, ನಾಗಶ್ರೀಯಿಂದ ಒಣಸೌದೆ ಕೊಂಡುಕೊಂಡು. ಕೊಂಡುಕೊಂಡೇ, ಸುಮ್ಮನೆ ಕೊಟ್ಟರೆ ಯಶೋದಾ ಮುಟ್ಟುವವಳಲ್ಲ. ನಾಗಶ್ರೀಯೂ ರೇಟಿನಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ಅಕ್ಟೋಬರಿನಲ್ಲಿ ವೀಸಾದ ಗಡುವು ಮುಗಿದ ದಿನ ಯಶೋದಾ ಮೂಡಿಗೆರೆಯ ಪಾತ್ರೆ ಅಂಗಡಿಯಲ್ಲಿ ನಿಂತಿದ್ದಳು, ಬಚ್ಚಲಿಗೆ ತಾಮ್ರದ ಹಂಡೆ ಕೊಳ್ಳಲು. ಅಂಗಡಿಯವನು ಹೊಳೆಯುವ ಒಂದು ಹಂಡೆಯನ್ನು ಉರುಳಿಸಿ ಮುಂದಿಟ್ಟ. ಅವಳು ಅದರ ತಳವನ್ನು ಉಗುರಿನಿಂದ ಕೆರೆದಳು, ಬೆರಳಿನಿಂದ ತಟ್ಟಿದಳು, ಬಾಗಿಲ ಬೆಳಕಿಗೆ ತಂದು ಮತ್ತೊಮ್ಮೆ ಕೆರೆದಳು.

“ಅಮ್ಮ, ಅಸಲಿ ತಾಮ್ರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ.”

“ಮೊಮ್ಮಕ್ಕಳ ಸುದ್ದಿ ನಿಂಗ್ಯಾಕಪ್ಪ? ನನ್ನ ಕಾಲಕ್ಕೆ ಬಂದ್ರೆ ಸಾಕು. ರೇಟು ಹೇಳು.”